ಟೈಲರಮ್ಮ ಹೊಲಿದ ಹೂವಿನ ಪಟ್ಟಿ

ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಆ ಹೆಂಗಸು ಚರ್ಮದ ಕೆಲಸಕ್ಕೆ ಕೈ ಹಾಕಿದ್ದು ಐವತ್ತಮೂರನೇ ವಯಸ್ಸಿನಲ್ಲಿ. ಮೂವತ್ತು ವರ್ಷ ಬಟ್ಟೆ ಹೊಲಿದವಳು. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಟೇಪು ಮುಟ್ಟದೆ ಸೊಂಟದ ಅಳತೆ ಹೇಳಿಬಿಡುತ್ತಿದ್ದಳು. ಅದನ್ನು ನಾಲ್ಕು ಜನರ ಎದುರಿಗೆ ಗಟ್ಟಿಯಾಗಿ ಹೇಳಬಾರದು ಎಂಬುದನ್ನು ಮಾತ್ರ ಇವತ್ತಿಗೂ ಕಲಿತಿಲ್ಲ.

ಈ ವಯಸ್ಸಿನಲ್ಲಿ ಹೊಸ ಕಸುಬೇಕೆ ಎಂದರೆ, ಅಕ್ಕನಿಗಾಗಿ. ಅಕ್ಕ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಮಂಡಿಯ ಕೆಳಗೆ ಎಡಗಾಲಿಲ್ಲ. ಇಪ್ಪತ್ತೆರಡು ವರ್ಷದಿಂದ ಮರದ ಕಾಲು. ಅದನ್ನು ತೊಡೆಗೆ ಹಿಡಿದಿಡುವುದು ಒಂದು ಚರ್ಮದ ಪಟ್ಟಿ. ಆ ಕಾಲಿನಲ್ಲೇ ಅವಳು ದಿನಾ ಸಂಜೆ ಸ್ಟೇಷನ್ನಿಗೆ ನಡೆದುಹೋಗಿ, ಮೊದಲನೇ ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತು, ತಡವಾಗಿ ಬಂದ ರೈಲುಗಳನ್ನೆಲ್ಲ ಬೈದು ಬರುತ್ತಿದ್ದಳು. ಕೇಳುವವರಿಲ್ಲದಿದ್ದರೂ ಬೈಯುತ್ತಿದ್ದಳು.

ಒಂದು ಸಂಜೆ ಸ್ಟೇಷನ್ನಿನ ಎದುರಿನ ರಸ್ತೆ ದಾಟುವಾಗ ಪಟ್ಟಿ ಕಿತ್ತುಬಂತು. ಕಾಲು ಒಂದು ಕಡೆ, ಅಕ್ಕ ಒಂದು ಕಡೆ. ಬಸ್ಸು ನಿಂತಿತು, ಜನ ಸೇರಿದರು, ಯಾರೋ ಪುಣ್ಯಾತ್ಮ ಕಾಲನ್ನು ಎತ್ತಿಕೊಂಡು ಬಂದು "ಇದು ನಿಮ್ಮದಾ?" ಎಂದು ಕೇಳಿದ. ಅವತ್ತು ಮನೆ ಸೇರಿದ ಅಕ್ಕ ಏಳು ತಿಂಗಳಾದರೂ ಹೊಸ್ತಿಲು ದಾಟಿರಲಿಲ್ಲ. ಆಸ್ಪತ್ರೆಯವರು ಕೊಟ್ಟ ನೈಲಾನ್ ಪಟ್ಟಿ ಎರಡೇ ದಿನಕ್ಕೆ ತೊಡೆಯ ಚರ್ಮ ಸುಲಿದುಹಾಕಿತು. ಕಿಟಕಿಯ ಪಕ್ಕ ಕೂತು, ದೂರದ ರೈಲಿನ ಕೂಗು ಕೇಳಿದಾಗಲೆಲ್ಲ ಗಡಿಯಾರ ನೋಡುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ತಂಗಿಗೆ ತಡೆಯಲಾಗದ್ದು ಅದು. ಬೈಯದ ಅಕ್ಕನನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹಳೇ ಪಟ್ಟಿ ಹೊಲಿದಿದ್ದ ಚೀಲದಜ್ಜನನ್ನು ಹುಡುಕಿಕೊಂಡು ಹೋದಳು. ಬದುಕೆಲ್ಲ ಚೀಲ, ಬೆಲ್ಟು, ಇಂಥ ಪಟ್ಟಿಗಳನ್ನು ಹೊಲಿದ ಮುದುಕ. ಈಗ ಕೈ ನಡುಗಿ ಲೋಟ ಹಿಡಿಯುವುದೂ ಕಷ್ಟ. ಹರಿದ ಪಟ್ಟಿಯನ್ನು ತಿರುಗಿಸಿ ನೋಡಿ, ಅದರ ಮೇಲೆ ಸವೆದುಹೋಗಿದ್ದ ಹೂವಿನ ಸಾಲನ್ನು ಹೆಬ್ಬೆರಳಿನಿಂದ ಸವರಿದ.

"ನನ್ನ ಕೈಲಿ ಆಗಲ್ಲಮ್ಮ. ಬೇಕಾದ್ರೆ ನೀನು ಕಲಿ, ಹೇಳ್ಕೊಡ್ತೀನಿ."

"ಅಷ್ಟೇ ತಾನೆ ಅಜ್ಜ? ಹೊಲಿಗೆ ನಂಗೆ ಹೊಸದಲ್ಲ ಬಿಡಿ."

ಅಜ್ಜ ನಕ್ಕ. ಯಾಕೆ ನಕ್ಕನೆಂದು ಅವಳಿಗೆ ಮರುದಿನವೇ ಗೊತ್ತಾಯಿತು.

ಮೊದಲು ಹೊಲಿಯಬೇಕಿದ್ದದ್ದು ಬೀಗದ ಕೈ ಇಡುವ ಅಂಗೈಯಗಲದ ಒಂದು ಚೀಲ. ಟೈಲರಮ್ಮ ಅಭ್ಯಾಸಬಲದಿಂದ ಎರಡು ತುಂಡನ್ನೂ ಸೇರಿಸಿ ಸುತ್ತ ಗುಂಡುಪಿನ್ನು ಚುಚ್ಚಿದಳು. ಹೊಲಿದಳು, ಸೊಟ್ಟಗಾಯಿತು, ಬಿಚ್ಚಿದಳು, ಮತ್ತೆ ಹೊಲಿದಳು. ಬಟ್ಟೆಯಾಗಿದ್ದರೆ ಒಂದು ಇಸ್ತ್ರಿ ಎಳೆದರೆ ಎಲ್ಲ ಮಾಯ. ಚರ್ಮ ಒಂದನ್ನೂ ಮರೆಯಲಿಲ್ಲ. ಪಿನ್ನಿನ ತೂತು, ಮೊದಲ ಹೊಲಿಗೆಯ ತೂತು, ಎರಡನೆಯದರ ತೂತು ಎಲ್ಲವೂ ಹಾಗೇ ಉಳಿದವು.

ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. "ಇದೇನೇ, ಬೀಗದ ಕೈ ಇಡೋದಕ್ಕೋ, ಹಿಟ್ಟು ಜರಡಿ ಹಿಡಿಯೋದಕ್ಕೋ?"

ಏಳು ತಿಂಗಳಲ್ಲಿ ಅಕ್ಕನ ಬಾಯಿಂದ ಬಂದ ಮೊದಲ ಕುಚೋದ್ಯ ಅದು. ಟೈಲರಮ್ಮನಿಗೆ ಅವಮಾನಕ್ಕಿಂತ ಸಂತೋಷವೇ ಹೆಚ್ಚಾಯಿತು.

ಅಲ್ಲಿಂದ ಅವಳು ಹಟ ಹಿಡಿದು ಕಲಿತಳು. ಬೆಳಿಗ್ಗೆ ಬಟ್ಟೆ, ಮಧ್ಯಾಹ್ನ ಚರ್ಮ. ಮೊದಲು ತೂತುಗಳ ಸಾಲು ಗುರುತು ಹಾಕಿ ಮೊನೆಯುಳಿಯಿಂದ ಚುಚ್ಚಬೇಕು. ಆಮೇಲೆ ಮೇಣ ಸವರಿದ ಒಂದೇ ದಾರದ ಎರಡು ತುದಿಗೂ ಸೂಜಿ ಪೋಣಿಸಿ, ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ದಾಟಿಸಿ ಎಳೆಯಬೇಕು. ಹಾಗೆ ಹೊಲಿದರೆ ಒಂದು ಹೊಲಿಗೆ ಕಿತ್ತರೂ ಪಕ್ಕದ್ದು ಬಿಟ್ಟುಕೊಡುವುದಿಲ್ಲ. ಕಿರುಬೆರಳ ಬುಡದಲ್ಲಿ ದಾರ ಕೊಯ್ದು ಗಾಯವಾಯಿತು. ಗಾಯ ಮಾಗಿ ಗಟ್ಟಿಯಾಯಿತು. ಹೂ ಬಿಡಿಸುವುದು ಇನ್ನೂ ನಾಜೂಕು. ಚರ್ಮವನ್ನು ಒದ್ದೆ ಮಾಡಿ, ಅದರ ಬಣ್ಣ ತಿರುಗುವವರೆಗೆ ಕಾದು, ಕಬ್ಬಿಣದ ಅಚ್ಚಿಟ್ಟು ಮರದ ಕೊಡತಿಯಿಂದ ಹದವಾಗಿ ಬಡಿಯಬೇಕು. ಆತುರಪಟ್ಟರೆ ಹೂ ಕಲಸಿಹೋಗುತ್ತದೆ, ತಡಮಾಡಿದರೆ ಅಚ್ಚು ಕೂರುವುದಿಲ್ಲ. ಪರ್ಸು, ಕನ್ನಡಕದ ಡಬ್ಬಿ, ಕತ್ತರಿಗೊಂದು ಕವಚ ಎಂದು ಐದು ತಿಂಗಳು ಅವಳು ಎಷ್ಟು ಚರ್ಮ ಕೆಡಿಸಿದಳೋ ಲೆಕ್ಕವಿಲ್ಲ. ಆದರೆ ಒಮ್ಮೆ ಮಾಡಿದ ತಪ್ಪನ್ನು ಇನ್ನೊಮ್ಮೆ ಮಾಡಲಿಲ್ಲ. ಇದೇನು ಸಣ್ಣ ಮಾತಲ್ಲ. ನಮ್ಮಲ್ಲಿ ಎಷ್ಟು ಜನಕ್ಕೆ ಹಾಗೆ ಹೇಳಿಕೊಳ್ಳಲು ಬಾಯಿದೆ?

ಕೊನೆಗೆ ಅಜ್ಜ ಆಗಲಿ ಎಂದು ತಲೆಯಾಡಿಸಿದ. ಟೈಲರಮ್ಮ ಪಟ್ಟಿಗೆ ಕೈ ಹಚ್ಚಿದಳು. ತೊಡೆಯ ಸುತ್ತಳತೆ ತೆಗೆದಳು. ಪಟ್ಟಿಯಿಂದ ಕೆಳಗಿಳಿದು ಮರದ ಕಾಲಿನ ಎರಡು ಬದಿಯ ಗುಂಡಿಗಳಿಗೆ ಸಿಕ್ಕಿಸುವ ಎರಡು ಕಿವಿಗಳ ಉದ್ದ ಅಳೆದಳು. ಚರ್ಮವನ್ನು ಒದ್ದೆ ಮಾಡಬೇಕಲ್ಲ, ನೆನೆದ ಬಟ್ಟೆ ಕುಗ್ಗುತ್ತದೆಂದು ಯಾವ ಟೈಲರಿಗೆ ಗೊತ್ತಿಲ್ಲ? ಅದಕ್ಕೇ ಕಿವಿಗಳನ್ನು ಅರ್ಧ ಬೆರಳಗಲ ಹೆಚ್ಚು ಉದ್ದವಾಗಿಯೇ ಕತ್ತರಿಸಿ, ಗುಂಡಿಯ ತೂತನ್ನೂ ಕೊರೆದಿಟ್ಟಳು. ಆಮೇಲೆ ಒದ್ದೆ ಮಾಡಿ, ಒಂದೊಂದೇ ಹೂ ಬಡಿದಳು. ಒಳಗೆ ಮೆತ್ತನೆಯ ಚರ್ಮ ಕೊಟ್ಟು ಅಂಚು ಹೊಲಿದಳು. ಮೂರು ವಾರ ಹಿಡಿಯಿತು. ಅಜ್ಜನಿಗೆ ತೋರಿಸಿ ಬೆರಗು ಹುಟ್ಟಿಸೋಣ ಎಂದು ನಡುವೆ ಒಂದು ಮಾತೂ ಕೇಳಲಿಲ್ಲ.

ಆ ಸಂಜೆ ಅಕ್ಕ ತಲೆ ಬಾಚಿ, ಸ್ಟೇಷನ್ನಿಗೆ ಹೋಗುವ ಬಟ್ಟೆ ಉಟ್ಟು, ಕೈಗಡಿಯಾರ ಕಟ್ಟಿ ಕೂತಿದ್ದಳು. ಪಟ್ಟಿ ಬಿಗಿದು ಎದ್ದು ನಿಂತು ಹೆಜ್ಜೆ ಎತ್ತಿದರೆ ಮರದ ಕಾಲು ಅರ್ಧ ಕಳಚಿ ನೆಲದಲ್ಲೇ ಉಳಿಯಿತು. ಕಿವಿಗಳು ಬೇಕಾದ್ದಕ್ಕಿಂತ ಒಂದು ಬೆರಳಗಲ ಉದ್ದ. ಒದ್ದೆ ಚರ್ಮ ಪೆಟ್ಟು ಬಿದ್ದಷ್ಟೂ ಹಿಗ್ಗುತ್ತದೆ, ಕುಗ್ಗುವುದಿಲ್ಲ. ಅಕ್ಕ ಗೋಡೆ ಹಿಡಿದುಕೊಂಡಳು.

"ಬಿಡೇ, ಇರ್ಲಿ. ನಂಗೇನು ಸ್ಟೇಷನ್ನಿಗೆ ಹೋಗ್ಲೇಬೇಕು ಅಂತಿಲ್ಲ," ಎಂದಳು, ಮೆತ್ತಗೆ. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟಳು.

ಮರುದಿನ ಟೈಲರಮ್ಮ ಅಜ್ಜನ ಮನೆಯಲ್ಲಿ ಕೂತು, ಕಿವಿ ಗಿಡ್ಡ ಮಾಡಲೆಂದು ಹಳೇ ತೂತಿನ ಪಕ್ಕದಲ್ಲೇ ಮೊನೆಯುಳಿ ಇಟ್ಟಳು. ಅಜ್ಜ ನಡುಗುವ ಕೈಯಿಂದಲೇ ಅವಳ ಮಣಿಕಟ್ಟು ಹಿಡಿದ.

"ಪಕ್ಕಪಕ್ಕ ಎರಡು ತೂತಾದ್ರೆ ನಡುವೆ ಹರಿಯುತ್ತಮ್ಮ. ಮನೇಲಿ ಹರಿಯಲ್ಲ. ರಸ್ತೆ ಮಧ್ಯದಲ್ಲೇ ಹರಿಯೋದು."

ಟೈಲರಮ್ಮ ಕೈ ಕೆಳಗಿಟ್ಟಳು. ಅತ್ತಳು ಕೂಡ, ಮುಚ್ಚಿಡುವುದೇನು? ಆದರೆ ಮೂಗು ಒರೆಸಿಕೊಂಡು, "ಹಾಗಾದ್ರೆ ಮೊದಲು ಹೂ, ಆಮೇಲೆ ಕತ್ತರಿ. ಅಲ್ವಾ ಅಜ್ಜ?" ಎಂದಳು. ಅವಳ ಬಗ್ಗೆ ನನಗೆ ಗೌರವ ಹುಟ್ಟುವುದು ಇಲ್ಲೇ. ಮೂರು ವಾರದ ಕೆಲಸವನ್ನು ಬದಿಗೆ ಸರಿಸಿ, ಮೂವತ್ತು ವರ್ಷ ಅನ್ನ ಕೊಟ್ಟ ತಿಳಿವಳಿಕೆಯನ್ನೂ ಅದರ ಜೊತೆಗೇ ಸರಿಸಿಬಿಟ್ಟಳು.

ಈ ಸಲ ಅಗಲವಾದ ಇಡೀ ತುಂಡಿನ ಮೇಲೆ ಹೂ ಬಡಿದು, ಎರಡು ದಿನ ಒಣಗಲು ಬಿಟ್ಟಳು. ಹಿಗ್ಗುವುದೆಲ್ಲ ಹಿಗ್ಗಿ ಮುಗಿದ ಮೇಲೆ ಅಕ್ಕನ ತೊಡೆಗೆ ಹಿಡಿದು ಅಳೆದು ಕತ್ತರಿಸಿದಳು. ಗುಂಡಿಯ ತೂತನ್ನು ಎಲ್ಲಕ್ಕಿಂತ ಕೊನೆಗೆ, ಅಕ್ಕ ನಿಂತಿದ್ದಾಗಲೇ ಗುರುತು ಮಾಡಿದಳು.

"ಯಾರೂ ನೋಡದ ಜಾಗಕ್ಕೆ ಇಷ್ಟೊಂದು ಹೂವಾ?" ಎಂದಳು ಅಕ್ಕ.

"ನೀನು ನೋಡಲ್ವಾ?"

ಅಕ್ಕ ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ಈ ಸಲ ತಲೆಯನ್ನೂ ಬಾಚಿರಲಿಲ್ಲ, ಕೈಗಡಿಯಾರವನ್ನೂ ಕಟ್ಟಿರಲಿಲ್ಲ. ಪಟ್ಟಿ ಬಿಗಿದು ಕೋಣೆಯ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ನಡೆದಳು. ಐದನೇ ಸಲ ಮೇಜಿನ ಮೇಲಿದ್ದ ಗಡಿಯಾರ ಎತ್ತಿಕೊಂಡು ಹೊಸ್ತಿಲು ದಾಟಿದಳು.

ಟೈಲರಮ್ಮ ಕೈಚೀಲ ಬಾಚಿಕೊಂಡು ಹಿಂದೆ ಓಡಿದಳು. ಚೀಲದಲ್ಲಿ ಮೇಣದ ದಾರ, ಕತ್ತರಿ, ಒಂದು ತುಂಡು ಚರ್ಮ, ತಗಡಿನ ಡಬ್ಬಿಯಲ್ಲಿ ಸೂಜಿಗಳು. ಪಟ್ಟಿ ಎಲ್ಲಿ ಕಿತ್ತರೆ ಅಲ್ಲೇ ಕೂತು ಹೊಲಿಯುವ ತಯಾರಿ. ಅವಳ ಕಣ್ಣು ಅಕ್ಕನ ಎಡಗಾಲು ಬಿಟ್ಟು ಕದಲಲಿಲ್ಲ.

ಸ್ಟೇಷನ್ನಿನ ಎದುರಿನ ರಸ್ತೆ ಬಂತು. ಅಕ್ಕ ಅಂಚಿನಲ್ಲಿ ನಿಂತಳು. ಒಂದು ಬಸ್ಸು ಹೋಯಿತು, ಇನ್ನೊಂದು ಹೋಯಿತು. ಅಕ್ಕ ತಂಗಿಯ ಕೈ ಹಿಡಿಯಲಿಲ್ಲ. ಒಬ್ಬಳೇ ದಾಟಿದಳು, ಎಂದಿನ ನಡಿಗೆಯಲ್ಲಿ, ಬಿದ್ದಿದ್ದ ಜಾಗವನ್ನು ತುಳಿದುಕೊಂಡೇ. ಆ ಕಡೆ ಸೇರಿ ಹಿಂತಿರುಗಿ ನಿಂತು, ಇನ್ನೂ ರಸ್ತೆಯ ಈಚೆಗೇ ಕಂಬದಂತೆ ನಿಂತಿದ್ದ ತಂಗಿಗೆ ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ಬಾರೇ ಬೇಗ! ರೈಲು ಆಗ್ಲೇ ಹನ್ನೆರಡು ನಿಮಿಷ ಲೇಟು, ಕೇಳೋರೇ ಇಲ್ಲ! ಇನ್ನೊಂದು ಮಾತು. ಆ ಸೂಜಿ ಡಬ್ಬೀನ ನಾಳೆಯಿಂದ ಮನೇಲೇ ಬಿಟ್ಟು ಬಾ. ದಾರಿಯುದ್ದಕ್ಕೂ ಅದರ ಸದ್ದು ಕೇಳಿ ಕೇಳಿ ಸಾಕಾಯ್ತು."