ಇಕ್ಕಳದಕ್ಕ ಮದುವೆಗೆ ಹೊರಟ ದಿನ

ನಲವತ್ತೇಳನೇ ವಯಸ್ಸಿನಲ್ಲಿ ಮದುವೆಯಾಗಲು ಹೊರಟವಳು ಆ ದಿನವಾದರೂ ರಜೆ ಹಾಕಬೇಕಿತ್ತು. ಹಾಕಲಿಲ್ಲ. ನೋಂದಣಿ ಕಚೇರಿಗೆ ಹೋಗಬೇಕಾದದ್ದು ನಾಲ್ಕು ಗಂಟೆಗೆ. ಅಲ್ಲಿಯವರೆಗೆ ಮನೆಯಲ್ಲಿದ್ದರೆ ತಂಗಿ ತಲೆ ತಿನ್ನುತ್ತಾಳೆಂದು ಎಂದಿನಂತೆ ಪ್ರಯೋಗಾಲಯಕ್ಕೆ ಬಂದಿದ್ದಳು.

ಅಲ್ಲಿ ಎಲ್ಲರಿಗೂ ಅವಳು ಇಕ್ಕಳದಕ್ಕ. ಅಣುಸ್ಥಾವರದ ಒಡಲಲ್ಲಿ ವರ್ಷಗಟ್ಟಲೆ ಇದ್ದು ಬಂದ ಲೋಹದ ತುಂಡುಗಳ ಹತ್ತಿರ ಸುಳಿಯುವ ಹಾಗಿಲ್ಲ. ಅವುಗಳಿಗೆಂದೇ ಒಂದು ಮುಚ್ಚಿದ ಕೋಣೆ, ಅದಕ್ಕೆ ತೋಳುದ್ದ ದಪ್ಪದ ಹಳದಿ ಗಾಜಿನ ಕಿಟಕಿ. ಹೊರಗೆ ನಿಂತು ಎರಡು ಹಿಡಿಗಳನ್ನು ಆಡಿಸಿದರೆ ಒಳಗೆ ಇಕ್ಕಳದಂಥ ಎರಡು ಉಕ್ಕಿನ ಕೈಗಳು ಹಾಗೆಯೇ ಆಡುತ್ತವೆ. ಆ ಕೈಗಳಿಂದ ಸೂಜಿಗೆ ದಾರ ಪೋಣಿಸಬಲ್ಲವಳು ಇಡೀ ಕಟ್ಟಡದಲ್ಲಿ ಅವಳೊಬ್ಬಳೇ.

ಮದುವೆಯ ಗಂಡು ಸಿಬ್ಬಂದಿ ಬಸ್ಸಿನ ಡ್ರೈವರ್. ಸ್ಥಾವರದೊಳಗೆ ಲೋಹಕ್ಕೆ ಏನಾಗುತ್ತದೆಂದು ಅವನು ಒಮ್ಮೆ ಕೇಳಿದ್ದ. ತುಂಬಿದ ಬಸ್ಸಿಗೆ ಯಾರೋ ನುಗ್ಗಿ ಕೂತವರನ್ನೆಲ್ಲ ಎಬ್ಬಿಸಿದ ಹಾಗೆ, ಎಂದಿದ್ದಳು. ನ್ಯೂಟ್ರಾನ್ ಬಡಿದರೆ ಪರಮಾಣುಗಳು ಜಾಗ ಬಿಟ್ಟೇಳುತ್ತವೆ. ಹೆಚ್ಚಿನವು ಹೇಗೋ ಮತ್ತೆ ಸೀಟು ಹಿಡಿಯುತ್ತವೆ, ಕೆಲವು ಸಂದಿಯಲ್ಲಿ ಸಿಕ್ಕಿಬೀಳುತ್ತವೆ, ಕೆಲವು ಸೀಟು ಖಾಲಿ ಉಳಿಯುತ್ತವೆ. ಇದೇ ವರ್ಷಗಟ್ಟಲೆ ನಡೆದರೆ ಎಂಥ ಉಕ್ಕೂ ಬಿಸ್ಕತ್ತಿನಂತೆ ಮುರಿಯುತ್ತದೆ. ಡ್ರೈವರ್ ಅದಕ್ಕೆ, "ನನ್ನ ಪಕ್ಕದ ಸೀಟೂ ಖಾಲಿನೇ ಇದೆ, ನೋಡಿ" ಎಂದಿದ್ದ. ಮದುವೆಯ ಮಾತು ಶುರುವಾದದ್ದು ಹಾಗೆ.

ಆ ದಿನ, ಸ್ಥಾವರದಲ್ಲಿದ್ದು ಬಂದರೂ ಮುರಿಯಬಾರದೆಂದು ಮುಖ್ಯ ವಿಜ್ಞಾನಿ ರೂಪಿಸಿದ್ದ ಹೊಸ ಮಿಶ್ರಲೋಹದ ಪರೀಕ್ಷೆಯಿತ್ತು. ಒಂಬತ್ತು ವರ್ಷದ ದುಡಿಮೆಯಲ್ಲಿ ಉಳಿದದ್ದು ಕಿರುಬೆರಳಿನಷ್ಟು ಒಂದೇ ತುಂಡು. ಹಳೆಯ ಮಿಶ್ರಲೋಹದ ಮೂರು ತುಂಡುಗಳು ಬೆಳಿಗ್ಗೆಯೇ ಕೋಣೆಯೊಳಗಿನ ಪರೀಕ್ಷಾ ಯಂತ್ರದ ತೂಗುಸುತ್ತಿಗೆಯ ಒಂದೊಂದು ಏಟಿಗೆ ಎರಡೆರಡಾಗಿದ್ದವು. ಹನ್ನೊಂದಕ್ಕೆ ಅವಳು ಹೊಸದನ್ನು ಎತ್ತಿದಳು. ಮನಸ್ಸು ನೋಂದಣಿ ಕಚೇರಿಯಲ್ಲಿತ್ತೋ ಏನೋ, ತುಂಡು ಉಕ್ಕಿನ ಬೆರಳಿಂದ ಚಿಮ್ಮಿ ಮಾಯವಾಯಿತು.

ವಿಜ್ಞಾನಿ ಬೈಯಲಿಲ್ಲ, ಸ್ಟೂಲಿನ ಮೇಲೆ ಕುಸಿದು ಕೂತರು. ಹುಡುಕುವುದನ್ನು ನಾಳೆಗೆ ಇಟ್ಟುಕೊಳ್ಳಿ, ಮದುವೆಗೆ ಹೋಗಿ ಎಂದರು. ಅವಳು ಕೇಳಲಿಲ್ಲ. ಉಕ್ಕಿನ ಕೈಗೆ ಒಳಗಿದ್ದ ಪುಟ್ಟ ಕನ್ನಡಿ ಹಿಡಿಸಿ ಮೂಲೆ ಮೂಲೆ ತಡಕಿದಳು. ಮಧ್ಯೆ ತಂಗಿ ಏಳು ಸಲ ಫೋನ್ ಮಾಡಿದಳು. ಎರಡೂವರೆಗೆ ಸುತ್ತಿಗೆಯ ಪೀಠದ ಹಿಂದೆ ಕನ್ನಡಿಯಲ್ಲಿ ಏನೋ ಮಿಂಚಿತು.

ಈ ಸಲ ಉಸಿರು ಬಿಗಿಹಿಡಿದು ತುಂಡನ್ನು ಜಾಗದಲ್ಲಿಟ್ಟು ಸುತ್ತಿಗೆ ಬಿಟ್ಟಳು. ತುಂಡು ಮೊಣಕೈಯಂತೆ ಬಾಗಿತು, ಅಷ್ಟೇ.

"ಮುರೀಲಿಲ್ಲ ಸಾರ್" ಎಂದಳು.

ಹತ್ತು ವರ್ಷದಲ್ಲಿ ಹಲ್ಲು ತೋರಿಸದ ವಿಜ್ಞಾನಿ ಸ್ಟೂಲನ್ನು ಅಪ್ಪಿಕೊಂಡು ಗಿರಗಿರನೆ ಸುತ್ತಿದರು. ಅವಳಿಗೂ ನಗು ಹತ್ತಿತು, ಹತ್ತಿದ್ದು ನಿಲ್ಲಲಿಲ್ಲ. ಹೊರಹೋಗುವ ಬಾಗಿಲಲ್ಲಿ ಮೈಗೆ ವಿಕಿರಣ ಅಂಟಿದೆಯೇ ಎಂದು ನೋಡುವ ಯಂತ್ರವಿದೆ. ಅದರೊಳಗೆ ಅಲುಗಾಡದೆ ನಿಲ್ಲಬೇಕು. ಹೊಟ್ಟೆ ಕುಲುಕಿಸಿ ನಗುವವಳನ್ನು ಯಂತ್ರ ಮೂರು ಸಲ ವಾಪಸು ಕಳಿಸಿತು. ನಾಲ್ಕನೆಯ ಸಲ ತುಟಿ ಕಚ್ಚಿಕೊಂಡು ಪಾರಾದಳು.

ಗೇಟಿನಲ್ಲಿ ಡ್ರೈವರ್ ಬಸ್ಸಿನ ಇಂಜಿನ್ ಆರಿಸದೆ ಕಾದಿದ್ದ. "ಮನಸ್ಸು ಬದಲಾಯ್ತೇನೋ ಅಂದ್ಕೊಂಡೆ" ಎಂದ.

"ಬೇರೇದು ಹುಡುಕ್ತಾ ಇದ್ದೆ ಕಣ್ರೀ" ಎಂದು ಹತ್ತಿ ಕೂತಳು.

ವಿಜ್ಞಾನಿ ಸಾಕ್ಷಿ ಹಾಕುತ್ತೇನೆಂದು ತಾವೂ ಹತ್ತಿದರು. ಅವರ ಹಿಂದೆ ಅರ್ಧ ಪ್ರಯೋಗಾಲಯ. ಕಚೇರಿ ತಲುಪಿದಾಗ ನಾಲ್ಕೂಕಾಲು. ತಂಗಿ ಮೆಟ್ಟಿಲ ಮೇಲೆ ಅಳುತ್ತ ನಿಂತಿದ್ದಳು. ಬಸ್ಸಿನಿಂದ ಇಳಿದ ದಂಡು ನೋಡಿ ಅಳುವುದನ್ನು ಮರೆತಳು. ಸಾಕ್ಷಿಯ ಸಾಲಿನಲ್ಲಿ ಸಹಿ ಮಾಡಬೇಕಿದ್ದ ವಿಜ್ಞಾನಿ ಖುಷಿಯ ಭರಕ್ಕೆ ವರನ ಸಾಲಿನಲ್ಲಿ ಮಾಡಿಬಿಟ್ಟರು. ಅಧಿಕಾರಿ ಹಣೆ ಚಚ್ಚಿಕೊಂಡು ಹೊಸ ಹಾಳೆ ತೆಗೆಯಬೇಕಾಯಿತು.

ವಾಪಸು ಬರುವಾಗ ಡ್ರೈವರ್ ವೃತ್ತದಲ್ಲಿ ತಿರುಗಬೇಕಾದ ದಾರಿ ಮರೆತು ಮೂರು ಸುತ್ತು ಹಾಕಿದ. ಬಸ್ಸಿನಲ್ಲಿದ್ದವರು ದಾರಿ ಹೇಳುವ ಬದಲು ಸುತ್ತು ಸುತ್ತಿಗೂ ಚಪ್ಪಾಳೆ ತಟ್ಟಿದರು.