ಬ್ಲಾಂದೀನಳ ಸಂಜೆ ತೋಟ

ಚಿತ್ರಶಾಲೆಯ ಮೆಟ್ಟಿಲು ಹತ್ತಿ ಮೇಲಿನ ಕೋಣೆ ಸೇರುವಷ್ಟರಲ್ಲಿ ಒದೀಲಳ ಮೊಣಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಹೊರಡುವ ಮುಂಚೆ ಹಾಸಿಗೆ ಹಿಡಿದ ಅಕ್ಕ ಬ್ಲಾಂದೀನಳ ಮೈ ಒರೆಸಿ, ಹೊದಿಕೆ ಬದಲಿಸಿ, ಬೇಳೆಯ ಸೂಪು ಮಾಡಿಟ್ಟು ಬರಬೇಕು. ಲಿಯೋನ್ ಊರಿನ ಇಸ್ತ್ರಿ ಅಂಗಡಿಯಲ್ಲಿ ಸವೆದ ಕೈಗೆ ಈ ಇಳಿವಯಸ್ಸಿನಲ್ಲಿ ಕುಂಚ ಹಿಡಿಸಿದವಳೂ ಆ ಅಕ್ಕನೇ.

ಗಂಡಂದಿರು ತೀರಿಹೋದ ಮೇಲೆ ಅಕ್ಕತಂಗಿಯರು ಭಾನುವಾರ ಇಗರ್ಜಿಯಿಂದ ನೇರ ಇಲ್ಲಿಗೆ ಬಂದು ಒಂದೇ ಚಿತ್ರದ ಮುಂದೆ ಕೂರುತ್ತಿದ್ದರು. ಹಳೆಯ ಕಾಲದ ತೋಟ, ನೀಟಾಗಿ ಕತ್ತರಿಸಿದ ಗಿಡದ ಬೇಲಿ, ಕೊಳ, ಕೊಳದಾಚೆ ಬೆಂಚಿನ ಮೇಲೊಬ್ಬ ಹೆಂಗಸು. ಜಗಳವೂ ಒಂದೇ.

"ನೆರಳು ನೋಡಕ್ಕಾ, ಬುಡದಲ್ಲೇ ಇದೆ. ನಡುಮಧ್ಯಾಹ್ನ."

"ಆಕಾಶ ನೋಡೇ, ಜೇನು ಸುರಿದ ಹಾಗಿದೆ. ಮಧ್ಯಾಹ್ನ ಹಾಗಿರತ್ತಾ? ಇಸ್ತ್ರಿ ಹಬೆ ನಿನ್ನ ಕಣ್ಣು ತಿಂದಿದೆ. ಅದು ಸಂಜೆ."

ಆಮೇಲೊಂದು ದಿನ ಬ್ಲಾಂದೀನ್ ಬಿದ್ದು ಸೊಂಟ ಮುರಿದುಕೊಂಡಳು. "ಆ ತೋಟ ಒಂದ್ಸಲ ನೋಡಿ ಸಾಯ್ಬೇಕಿತ್ತು" ಎಂದು ಗೋಡೆಯ ಕಡೆ ತಿರುಗಿದಳು. ಆ ವಾರವೇ ಒದೀಲ್, ಆ ತೋಟವನ್ನು ನಕಲು ಮಾಡಿ ಅಕ್ಕನಿಗೆ ತಂದು ತೋರಿಸಲು, ಚಿತ್ರಶಾಲೆಯಲ್ಲೇ ತೈಲವರ್ಣ ಕಲಿಸುವ ಥೆವೆನೆ ಮೇಷ್ಟರ ಬಳಿ ಸೇರಿದಳು.

ನಕಲು ಅಸಲಿನ ಅಳತೆಗೆ ಇರಕೂಡದೆಂಬುದು ಚಿತ್ರಶಾಲೆಯ ಕಟ್ಟಳೆ. ಅದಕ್ಕೇ ಚಿಕ್ಕ ಕ್ಯಾನ್ವಾಸು. ಮೊದಲು ಟರ್ಪೆಂಟೈನ್ ಬೆರೆಸಿದ ತೆಳು ಕಂದು, ಅದು ಒಣಗಿದ ಮೇಲೆ ಎಣ್ಣೆ ಹೆಚ್ಚಿದ ದಪ್ಪ ಬಣ್ಣ. "ಎಲೆ ಎಣಿಸ್ಬೇಡಿ ಮದಾಮ್, ಮರ ನಿಲ್ಸಿ ಸಾಕು" ಎನ್ನುತ್ತಿದ್ದರು ಮೇಷ್ಟರು. ಮರ ನಿಂತಿತು, ಕೊಳ ತುಂಬಿತು, ಮೇಲೆ ಜೇನುಬಣ್ಣದ ಆಕಾಶ ಹರಡಿತು. ಬೆಂಚೂ ಆ ಹೆಂಗಸೂ ಉಳಿದಿದ್ದಾಗ ಒಂದು ಬೆಳಿಗ್ಗೆ ನೋಡಿದರೆ ಗೋಡೆ ಖಾಲಿ. ಚಿತ್ರವನ್ನು ಶುಚಿಮಾಡಲು ಒಯ್ದಿದ್ದರು.

ಚಳಿಗಾಲ ಕಳೆಯಿತು. ಬ್ಲಾಂದೀನಳ ಊಟ ಎರಡು ಚಮಚಕ್ಕೆ ಇಳಿಯಿತು. ವಸಂತಕ್ಕೆ ಚಿತ್ರ ಮರಳಿದಾಗ ಆಕಾಶ ನೀಲಿ, ಮೋಡ ಬೆಳ್ಳಗೆ. ಜೇನೆಂದುಕೊಂಡಿದ್ದು ಚಿತ್ರದ ಮೇಲೆ ಬಳಿದು, ಹಳತಾಗಿ ಹಳದಿಯಾದ ವಾರ್ನಿಷ್. ನಡುಮಧ್ಯಾಹ್ನವೇ. ಇಷ್ಟು ವರ್ಷದ ವಾದ ಗೆದ್ದ ಒದೀಲಳಿಗೆ ಕೂತುಬಿಡಬೇಕೆನಿಸಿತು.

"ನೀವು ಬರೆದಿದ್ದು ತೋಟದ ಮೇಲಿನ ಕೊಳೆ ಮದಾಮ್" ಎಂದು ಮೇಷ್ಟರು ನಕ್ಕರು. "ಬೇಜಾರಾಗ್ಬೇಡಿ, ನಾವೆಲ್ಲ ಅದನ್ನೇ ಬರೆದಿದ್ವಿ. ನಿಮ್ಮ ಆಕಾಶ ಒಣಗಿದೆ, ಮೇಲೆ ನೀಲಿ ಹಚ್ಚಿ."

ಒದೀಲ್ ಬಣ್ಣದ ಹಲಗೆಯ ಮೇಲೆ ನೀಲಿ ಹಿಂಡಿದಳು. ಕುಂಚ ಅದ್ದಲಿಲ್ಲ. ಆಮೇಲೆ ಚಾಕುವಿನಿಂದ ನೀಲಿಯನ್ನು ಕೆರೆದು ತೆಗೆದು, ಕಾವಿಗೆ ಹಳದಿ ಬೆರೆಸಿ, ಬೆಂಚನ್ನೂ ಹೆಂಗಸನ್ನೂ ಹಳೆಯ ಬೆಳಕಿನಲ್ಲೇ ಕೂರಿಸಿದಳು.

"ಇದೇನು, ಮತ್ತೆ ಕೊಳೆ?"

"ನಮ್ಮನೇಲಿ ಇನ್ನೂ ಹೀಗೇ ಇದೆ ಮೇಷ್ಟ್ರೇ."

ಬಣ್ಣ ಒಣಗಿದ ಮೇಲೆ ಮನೆಗೆ ಹೊತ್ತು ತಂದು ಹಾಸಿಗೆಯ ಎದುರು ಕುರ್ಚಿಗೆ ಒರಗಿಸಿದಳು. ಬ್ಲಾಂದೀನ್ ದಿಂಬಿನಿಂದ ತಲೆ ಎತ್ತಿ ನೋಡಿದಳು.

"ಬೇಲಿ ಸೊಟ್ಟ ಕಣೇ."

"ಹೂಂ."

"ಅವಳಿಗೆ ಮೂಗೇ ಇಲ್ಲ."

"ಚಿಕ್ಕ ಕ್ಯಾನ್ವಾಸು. ಮೂಗಿಗೆ ಜಾಗ ಸಾಲ್ಲಿಲ್ಲ."

ಬ್ಲಾಂದೀನಳ ಕಣ್ಣು ಕೊಳ ದಾಟಿ ಆಕಾಶಕ್ಕೆ ಹೋಗಿ ಅಲ್ಲೇ ನಿಂತಿತು. "ಈಗ್ಲಾದ್ರೂ ಒಪ್ಕೋ. ಎಷ್ಟೊತ್ತು ಅದು?"

ಒದೀಲ್ ಬೂಟು ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

"ಸಂಜೇನೇ ಅಕ್ಕಾ."

"ಅಷ್ಟು ಹೇಳೋಕೆ ಮುದುಕಿ ಆಗ್ಬೇಕಾಯ್ತು" ಎಂದ ಬ್ಲಾಂದೀನ್, "ಸೂಪು ಇದೆಯಾ?" ಎಂದು ಕೇಳಿದಳು.

ಸೂಪು ಇತ್ತು, ಆರಿತ್ತು. ಎದ್ದು ಬಿಸಿ ಮಾಡಬೇಕು. ಉಗುರಿನ ಸಂದಿಯ ಹಳದಿಯನ್ನು ನೋಡುತ್ತ ಒದೀಲ್ ಇನ್ನೂ ಸ್ವಲ್ಪ ಹೊತ್ತು ಕೂತೇ ಇದ್ದಳು.