ಕಸದಕ್ಕ ಸಹಿ ಹಾಕಲಿಲ್ಲ

ಉಪಗ್ರಹದ ಕಂಪನಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಕಸದಕ್ಕ ಎಂದೇ. ಓದಿದ್ದು ಕಾನೂನು, ಕೂರುತ್ತಿದ್ದುದು ಕ್ಯಾಂಟೀನ್ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿ. ಬಾಯಿ ಬಿಟ್ಟರೆ ಮಾತ್ರ ಕೆಲಸ ಮುಗಿದ ಮೇಲೂ ಸುತ್ತುತ್ತಲೇ ಇರುವ ಬಾಹ್ಯಾಕಾಶದ ಕಸದ ಮಾತು. ಉಡಾವಣೆಯ ದಿನ ಊರೆಲ್ಲ ಕುಣಿಯುತ್ತಿದ್ದಾಗ, "ಇದನ್ನ ಕೆಳಗಿಳಿಸೋದು ಯಾವಾಗ?" ಎಂದು ಕೇಳಿದ ಪುಣ್ಯಾತ್ಗಿತ್ತಿ ಅವಳು!

ಹಠ ಹಿಡಿದು ಒಂದು ಪದ್ಧತಿಯನ್ನೂ ತಂದಿದ್ದಳು. ಇಂಧನದ ಕೊನೆಯ ಪಾಲು ಉಪಗ್ರಹವನ್ನು ಇಳಿಸುವುದಕ್ಕೇ ಮೀಸಲು. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಅದು ಕೆಂಪು ಪಟ್ಟಿಯಾಗಿ ಕಾಣಬೇಕು. ವರ್ಷಗಳು ಉರುಳಿದ ಹಾಗೆ ಆ ಕೆಂಪು ಎಲ್ಲರ ಕಣ್ಣಿಗೂ ಒಗ್ಗಿಹೋಯಿತು. ಕಂಪನಿಯ ಯಜಮಾನರಂತೂ ಅದನ್ನು ಉಳಿತಾಯವೆಂದೇ ತಿಳಿದು, ಇನ್ನೊಂದು ವರ್ಷ ಭೂಮಿಯ ಚಿತ್ರ ಕೊಡುತ್ತೇನೆಂದು ಹೊಸ ಗಿರಾಕಿಗೆ ಮಾತು ಕೊಟ್ಟೇಬಿಟ್ಟರು. ಅದಕ್ಕೆ ಆ ಮೀಸಲು ಇಂಧನವನ್ನೇ ಉರಿಸಬೇಕು; ಉರಿಸಲು ಕಾನೂನು ಅಧಿಕಾರಿಯಾದ ಅವಳ ಸಹಿ ಬೇಕಿತ್ತು.

"ಆಗಲ್ಲ ಸರ್," ಎಂದಳು. "ಇಂಧನ ಮುಗಿದ್ಮೇಲೆ ಅದು ಯಾರ ಮಾತೂ ಕೇಳಲ್ಲ. ಯಾರ ಉಪಗ್ರಹಕ್ಕಾದ್ರೂ ಬಡಿದ್ರೆ ಹೊರದೇಶದವರು ಪರಿಹಾರ ಕೇಳೋದು ನಮ್ಮ ದೇಶಾನ. ಇಳಿಸ್ತೀವಿ ಅಂತ ಒಪ್ಕೊಂಡೇ ಪರವಾನಗಿ ತಗೊಂಡಿದ್ದೀವಿ."

"ಅಷ್ಟು ದೊಡ್ಡ ಆಕಾಶಕ್ಕೆ ನಮ್ಮದೊಂದೇ ಭಾರ ಆಯ್ತಾ?" ಯಜಮಾನರು ಗುಡುಗಿದರು. "ಸಹಿ ಹಾಕಿ. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೊಳ್ಳಿ."

ಮನೆ ನಡೆಯುತ್ತಿದ್ದುದೇ ಅವಳ ಸಂಬಳದಲ್ಲಿ. ಆದರೂ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ಆಗ ನಡುವೆ ಬಾಯಿ ಹಾಕಿದವನು ಅಲ್ಲೇ ಕೂತಿದ್ದ ನಿಯಂತ್ರಣ ಕೊಠಡಿಯ ಮುಖ್ಯಸ್ಥ. ಅವಳಿಗೆ ಆ ಅಡ್ಡಹೆಸರಿಟ್ಟ ಕಿಡಿಗೇಡಿಯೂ ಅವನೇ.

"ಅಕ್ಕ ಒಪ್ಪದೆ ನಾನು ಒಂದು ಗುಂಡೀನೂ ಒತ್ತಲ್ಲ ಸರ್. ಕಳಿಸೋದಾದ್ರೆ ಇಬ್ಬರನ್ನೂ ಒಟ್ಟಿಗೆ ಕಳಿಸಿ."

ಯಜಮಾನರ ಮುಖ ಇಂಗು ತಿಂದ ಮಂಗನಂತಾಯಿತು. ಇಬ್ಬರನ್ನೂ ಕಳಿಸಿದರೆ ಕಂಪನಿ ನಡೆಸುವವರು ಯಾರು? ಗೊಣಗುತ್ತಲೇ ಗಿರಾಕಿಗೆ ಫೋನ್ ಮಾಡಿ ಕೊಟ್ಟ ಮಾತು ಹಿಂದೆ ತೆಗೆದುಕೊಂಡರು.

ವಾರದೊಳಗೆ ಉಪಗ್ರಹವನ್ನು ಇಳಿಸಿದರು. ಅಂದುಕೊಂಡ ಹಾಗೇ ಜನರಿಲ್ಲದ ಕಡಲಿನ ಮೇಲೆ, ಗಾಳಿಯಲ್ಲೇ ಅದು ಉರಿದುಹೋಯಿತು. ಪತ್ರಿಕೆಗಳಲ್ಲಿ ಒಂದು ಸಾಲೂ ಬರಲಿಲ್ಲ. ಕೆಡದ ಕೆಲಸ ಯಾರಿಗೆ ಸುದ್ದಿ?

ಅಂದು ಸಂಜೆ ಅವಳ ಅತ್ತೆ ತಾರಸಿಯ ಮೇಲೆ ಬಟ್ಟೆ ತೆಗೆಯುತ್ತಿದ್ದರು. ಸೊಸೆ ವಿಷಯವೆಲ್ಲ ಹೇಳಿದಳು.

"ಎಲ್ಲಿ, ಎಲ್ಲಿತ್ತು ತೋರ್ಸು ನೋಡೋಣ."

ಅವಳು ಬೆರಳು ಚಾಚಿದಳು. ಅತ್ತೆ ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಹುಡುಕಿದರು.

"ಅಲ್ಲೇನೂ ಇಲ್ವಲ್ಲೇ!"

ಅವಳು ಹೆಮ್ಮೆಯಿಂದ ತಲೆ ಎತ್ತಿ ಅದೇ ಖಾಲಿ ಜಾಗ ನೋಡಿದಳು.

"ಹೌದತ್ತೆ," ಎಂದಳು. "ಏನೂ ಇಲ್ದಂಗೆ ಮಾಡಿದ್ದು ನಾನೇ."